ಹಚ್ಚಿದವರ ಹೊಗೆ

ಫೋಟೋಗಳಿಂದ ಹೊಗೆ ತೆಗೆಯುವುದು ನನ್ನ ಕಸುಬು. ಬಸ್‌ಸ್ಟ್ಯಾಂಡಿನ ಹಿಂದೆ ನನ್ನ ಸ್ಟುಡಿಯೋ ಇದೆ; ಫೋಟೋ ದಾಸೇಗೌಡ ಎಂದರೆ ಯಾರು ಬೇಕಾದರೂ ದಾರಿ ತೋರಿಸುತ್ತಾರೆ. ಬೇರೆ ಊರುಗಳ ಫೋಟೋದವರು ಮೊಡವೆ ಅಳಿಸುತ್ತಾರಂತೆ, ಬೊಕ್ಕತಲೆಗೆ ಕೂದಲು ಬರೆಯುತ್ತಾರಂತೆ. ನನಗೆ ಅದಕ್ಕೆಲ್ಲ ಪುರುಸೊತ್ತು ಸಿಕ್ಕಿದ್ದೇ ಇಲ್ಲ. ನಮ್ಮೂರಿನಲ್ಲಿ ಹೊಗೆ ಬೆಂಕಿ ಹಚ್ಚಿದವರ ಹಿಂದೆ ಹೋಗುತ್ತದೆ. ಒಲೆ ಹಚ್ಚಿಟ್ಟ ಹೆಂಗಸು ನೀರಿಗೆ ಹೊರಟರೆ ಒಲೆಯ ಹೊಗೆ ಕಿಟಕಿಯಿಂದ ಇಳಿದು ಅವಳ ಹಿಂದೆಯೇ ಹೋಗಿ ನಲ್ಲಿಯ ಸಾಲಿನಲ್ಲಿ ನಿಲ್ಲುತ್ತದೆ. ಒಲೆ ಆರಿದರೆ ಸ್ವಲ್ಪ ಹೊತ್ತಿಗೆ ಚದುರುತ್ತದೆ. ವರ್ಷಗಟ್ಟಲೆ ಉರಿದ ಬೆಂಕಿಯಾದರೆ, ಆರಿದ ಮೇಲೂ ವರ್ಷಕ್ಕೊಂದು ದಿನದಂತೆ ಹೊಗೆ ಜೊತೆಯಲ್ಲೇ ಇದ್ದು ಆಮೇಲೆ ಹೋಗುತ್ತದೆ.

ಹಾಗಾಗಿ ನಮ್ಮಲ್ಲಿ ಹೆಣ್ಣು ಕೊಡುವವರು ಮೊದಲು ಕೇಳುವುದು, ನಿಮ್ಮ ಮನೆಯಲ್ಲಿ ಒಲೆ ಹಚ್ಚುವವರು ಯಾರು ಎಂದು. ಅತ್ತೆ ಎಂದರೆ ಮಾತು ಮುಂದುವರಿಯುತ್ತದೆ. ಬೀಡಿ ಬಾಯಿಗಿಟ್ಟುಕೊಂಡು ಪಕ್ಕದವನಿಗೆ ಕಡ್ಡಿ ಗೀರು ಎಂದರೆ ಅದು ಬೈಗುಳಕ್ಕೆ ಸಮ. ತನ್ನ ಹೊಗೆಯನ್ನು ಇನ್ನೊಬ್ಬರ ತಲೆಗೆ ಕಟ್ಟಲು ನೋಡುವವನಿಗೆ ಟೀ ಅಂಗಡಿಯ ಬೆಂಚಿನಲ್ಲಿ ಯಾರೂ ಸರಿದು ಜಾಗ ಕೊಡುವುದಿಲ್ಲ. ಸಭೆ ಸಮಾರಂಭಗಳಲ್ಲಿ ದೀಪ ಬೆಳಗಿಸುವುದು ಜವಾನ. ಗಣ್ಯರು ಅವನ ಮೊಣಕೈ ಮುಟ್ಟಿಕೊಂಡು ಹಲ್ಲು ಕಿರಿಯುತ್ತಾರೆ, ನಾನು ಫೋಟೋ ಹೊಡೆಯುತ್ತೇನೆ. ಅಪ್ಪನ ಚಿತೆಗೆ ಬೆಂಕಿಯಿಟ್ಟ ಮಗನ ಹಿಂದೆ ಆ ಹೊಗೆ ಮನೆಯವರೆಗೂ ಬರುತ್ತದೆ. ಅದನ್ನು ಮಾತ್ರ ಯಾರೂ ಭಾರವೆಂದುಕೊಳ್ಳುವುದಿಲ್ಲ. ಬಾಗಿಲು ತೆರೆದಿಟ್ಟು ಒಳಗೆ ಬಿಟ್ಟುಕೊಳ್ಳುತ್ತಾರೆ.

ಇಂಥ ಊರಿಗೆ ಎಣ್ಣೆ ಕಂಪನಿ ಬಂತು. ಊರಾಚೆ ಬಾವಿ ತೋಡಿ ನೆಲದೆಣ್ಣೆ ಎತ್ತಿ, ಒಂದಷ್ಟನ್ನು ಲಾರಿಗೆ ತುಂಬಿ ಕಳಿಸುವುದು, ಉಳಿದದ್ದನ್ನು ದೊಡ್ಡ ಬಾಯ್ಲರಿನಲ್ಲಿ ಸುಟ್ಟು ಕರೆಂಟು ಮಾಡುವುದು ಅವರ ಯೋಜನೆ. ನಮ್ಮೂರಿನ ಹೊಗೆಯ ಸ್ವಭಾವ ಕೇಳಿದರೆ ಬೇರೆ ಯಾರಾದರೂ ಗಂಟುಮೂಟೆ ಕಟ್ಟುತ್ತಿದ್ದರು. ಇವರು ಕೇಳಿ ಒಬ್ಬರ ಮುಖ ಒಬ್ಬರು ನೋಡಿಕೊಂಡು ನಕ್ಕರು. ನಾವು ತಲೆತಲಾಂತರದಿಂದ ಜೊತೆಗಿಟ್ಟುಕೊಂಡು ಬಾಳುತ್ತಿದ್ದುದರ ಲಾಭ ಅವರಿಗೆ ಹದಿನೈದೇ ದಿನದಲ್ಲಿ ಗೊತ್ತಾಯಿತು. ಮತ್ತೊಂದು ವಾರದೊಳಗೆ ಪಂಚಾಯಿತಿ ಗೋಡೆಯ ಮೇಲೆ ನೋಟೀಸು ಬಿತ್ತು: ಬಾಯ್ಲರ್ ಹಚ್ಚಲು ಜನ ಬೇಕಾಗಿದ್ದಾರೆ, ಒಂದು ದಿನದ ಕೆಲಸ, ಸಾಯುವವರೆಗೆ ಸಂಬಳ.

ಆ ನೋಟೀಸನ್ನು ನನ್ನಕ್ಕ ತಿಮ್ಮಾಜಮ್ಮನಿಗೆ ಓದಿ ಹೇಳಿದವನು ನಾನೇ. ಭಾವ ತೀರಿಕೊಂಡು ಆರು ತಿಂಗಳಾಗಿತ್ತು, ಮಗಳು ಇಂದ್ರಾಣಿಗೆ ನಾಲ್ಕು ವರ್ಷ. ಬಾಯ್ಲರ್ ಎಷ್ಟು ದಿನ ಉರಿಯುತ್ತದೆ ಎಂದು ಕಂಪನಿಯವರನ್ನು ನಾನು ಕೇಳಿದೆ. ಆರು ತಿಂಗಳಿಗೊಮ್ಮೆ ಆರಿಸಿ ತೊಳೆಯುತ್ತೇವೆ, ಪ್ರತಿಸಲ ಬೇರೆಯವರ ಕೈಲಿ ಹಚ್ಚಿಸುತ್ತೇವೆ, ಆರು ತಿಂಗಳು ಕಣ್ಣುಮುಚ್ಚಿದರೆ ಕಳೆದುಹೋಗುತ್ತದೆ ಎಂದರು. ಬರೆದುಕೊಡಿ ಎನ್ನುವ ಬುದ್ಧಿ ನನಗೆ ಬರಲಿಲ್ಲ. ಅಕ್ಕ ಕಡ್ಡಿ ಗೀರಿದಳು. ಚಿಮಣಿಯಿಂದ ಎದ್ದ ಹೊಗೆ ಮೇಲೆ ಹೋಗಿ ಒಂದು ಕ್ಷಣ ನಿಂತು, ಬಗ್ಗಿ, ಅವಳ ಹತ್ತಿರ ಇಳಿದು ಬಂತು. ಅವತ್ತಿನಿಂದ ಇಪ್ಪತ್ತೆರಡು ವರ್ಷ ಕಂಪನಿ ಆ ಬಾಯ್ಲರನ್ನು ಆರಿಸಲಿಲ್ಲ. ಒಂದು ಮಗ್ಗುಲು ಉರಿಯುತ್ತಿರುವಾಗಲೇ ಇನ್ನೊಂದು ಮಗ್ಗುಲು ತೊಳೆಯುವ ಉಪಾಯ ಕಂಡುಹಿಡಿದರು.

ಅಕ್ಕ ಸಂತೆಗೆ ಹೋದರೆ ಸಂತೆ ಕರಗುತ್ತಿತ್ತು. ಅವಳಿದ್ದ ಕೆಳಗಿನ ಬೀದಿಯಲ್ಲಿ ಒಂದೊಂದೇ ಮನೆ ಖಾಲಿಯಾಗಿ ಕೊನೆಗೆ ಅವಳೊಬ್ಬಳೇ ಉಳಿದಳು. ಮಗು ಕೆಮ್ಮಿ ಕೆಮ್ಮಿ ನೀಲಿಗಟ್ಟಿದ ದಿನ ಇಂದ್ರಾಣಿಯನ್ನು ನಾನೂ ನನ್ನ ಹೆಂಡತಿಯೂ ನಮ್ಮನೆಗೆ ಎತ್ತಿಕೊಂಡು ಬಂದೆವು. ಆಮೇಲೆ ತಾಯಿ ಮಗಳು ಭೇಟಿಯಾಗುತ್ತಿದ್ದುದು ಶನಿವಾರಗಳಂದು, ಹಳ್ಳದ ಬಳಿ. ಈ ದಡದಲ್ಲಿ ಇಂದ್ರಾಣಿ, ಆ ದಡದಲ್ಲಿ ಅಕ್ಕ. ಋತುಮತಿಯಾದದ್ದನ್ನೂ ಪರೀಕ್ಷೆ ಪಾಸಾದದ್ದನ್ನೂ ಗಂಡು ಒಪ್ಪಿದ್ದನ್ನೂ ಆ ಹುಡುಗಿ ಅಮ್ಮನಿಗೆ ಕೂಗಿಯೇ ಹೇಳಿದ್ದು. ಅವಳ ಮದುವೆಯಲ್ಲಿ ಅಕ್ಕ ಛತ್ರದಿಂದ ಎರಡು ಹೊಲ ಆಚೆ ನಿಂತು ಅಕ್ಷತೆ ಎಸೆದಳು.

ಕಂಪನಿ ಮಾತ್ರ ಹಾಲಿನಲ್ಲಿ ತೊಳೆದ ಹಾಗಿತ್ತು. ಪ್ರತಿವರ್ಷ ಅವರದೊಂದು ಕ್ಯಾಲೆಂಡರು ಬರುತ್ತಿತ್ತು: 'ನಮ್ಮ ಕಂಪನಿಗೆ ಹೊಗೆಯಿಲ್ಲ'. ಅದು ಸುಳ್ಳೆಂದು ಯಾರೂ ಹೇಳುವಂತಿರಲಿಲ್ಲ. ಊರಿನ ನಿಯಮದ ಪ್ರಕಾರ ಹೊಗೆಯೆಲ್ಲ ತಿಮ್ಮಾಜಮ್ಮನದು, ಕಂಪನಿಗೆ ಎಲ್ಲಿಂದ ಬರಬೇಕು. ಶುದ್ಧಗಾಳಿಯ ಹೆಸರಿನಲ್ಲಿ ಎರಡು ಸಲ ಪ್ರಶಸ್ತಿಯನ್ನೂ ಹೊಡೆದರು. ಕ್ಯಾಲೆಂಡರಿನ ಫೋಟೋಗಳು ನನ್ನವು. ಚಿಮಣಿಯಿಂದ ಕೆಳಗಿನ ಬೀದಿಗೆ ಬಾಗಿದ ಆ ಕಪ್ಪು ಗೆರೆಯನ್ನು ಸಣ್ಣ ಬ್ರಷ್ಷಿನಿಂದ ಅಳಿಸಿ ಅಲ್ಲಿ ಆಕಾಶ ತುಂಬುವುದು ನನ್ನ ಕೆಲಸ. ಮೋಡವನ್ನೂ ಒಂದೆರಡು ಹಕ್ಕಿಗಳನ್ನೂ ನಾನಾಗಿಯೇ ಸೇರಿಸುತ್ತಿದ್ದೆ. ಕಂಪನಿಯನ್ನು ಬಾಯ್ತುಂಬ ಬೈಯುವ ನಾನು ಅಕ್ಕನ ಹೊಗೆ ಅಳಿಸಿ ಅನ್ನ ಉಂಡವನು ಎಂಬುದೂ ಇಲ್ಲಿ ಇರಲಿ.

ಆರು ವರ್ಷದ ಹಿಂದೆ ಕಂಪನಿ ಪರಿವರ್ತನಾ ವಿಭಾಗ ತೆರೆಯಿತು. ಪರಿವರ್ತನಾಧಿಕಾರಿಯಾಗಿ ಮುಕುಂದ ಎಂಬವರು ಬಂದರು. ತೆಳ್ಳಗೆ, ಬೆಳ್ಳಗೆ, ಮೆತ್ತಗೆ ಮಾತಾಡುವ ಮನುಷ್ಯ. ಎಣ್ಣೆ ಎಂಬ ಪದವೇ ಅವರ ಬಾಯಲ್ಲಿ ಬರುತ್ತಿರಲಿಲ್ಲ. ಗುಡ್ಡದ ಮೇಲೆ ಮೂರು ಗಾಳಿಯಂತ್ರಗಳು ಎದ್ದವು. ನಮ್ಮ ಗುಡ್ಡದಲ್ಲಿ ಗಾಳಿಗೆ ಬರವಿಲ್ಲ, ರೆಕ್ಕೆಗಳು ಮೊದಲ ದಿನದಿಂದಲೇ ತಿರುಗತೊಡಗಿದವು. ಊರಿಗೆ ಊರೇ ಬುತ್ತಿ ಕಟ್ಟಿಕೊಂಡು ಹೋಗಿ ನೋಡಿ ಬಂತು. ಗುಡ್ಡದಿಂದ ಊರಿಗೆ ತಂತಿ ಎಳೆದಿಲ್ಲ ಎಂಬುದನ್ನು ಮೊದಲು ಗಮನಿಸಿದವನು ನಾನು, ಅದೂ ಫೋಟೋದಲ್ಲಿ. ಕೇಳಿದ್ದಕ್ಕೆ ಮುಕುಂದರು, "ಪರಿವರ್ತನೆ ಅಂದ್ರೆ ಹಾಗೆಲ್ಲ ಅವಸರ ಮಾಡುವ ವಿಷಯ ಅಲ್ಲ ಗೌಡ್ರೇ. ಇಪ್ಪತ್ತೈದು ವರ್ಷದ ಹಾದಿ. ಅಲ್ಲೀವರೆಗೆ ಬಾಯ್ಲರನ್ನ ಇನ್ನಷ್ಟು ಬಲಪಡಿಸಬೇಕಾಗುತ್ತೆ" ಎಂದರು. ಬಲಪಡಿಸಿದರು. ಚಿಮಣಿ ದಪ್ಪವಾಯಿತು, ಅಕ್ಕನ ಮನೆಯ ಮೇಲಿನ ಹೊಗೆ ಹಗಲಿನಲ್ಲೂ ಲಾಟೀನು ಬೇಡುವಷ್ಟು ಬೆಳೆಯಿತು. ಅಕ್ಕ ಲಾಟೀನು ಹಚ್ಚಿದರೆ ಅದರ ಹೊಗೆಯೂ ಅವಳದೇ.

ಒಂದು ದಿನ ಮುಕುಂದರು ಮುಖಕ್ಕೆ ಬಟ್ಟೆ ಕಟ್ಟಿಕೊಂಡು, ಕೈಯಲ್ಲಿ ಅಳತೆಯ ಯಂತ್ರ ಹಿಡಿದು ಅಕ್ಕನ ಮನೆಗೆ ಬಂದರು. ನಾನು ಅವರ ಜೊತೆ ಫೋಟೋ ತೆಗೆಯಲು ಹೋಗಿದ್ದೆ. ಅವರ ಕೈಯಲ್ಲೊಂದು ಪುಸ್ತಿಕೆಯಿತ್ತು, 'ನಿಮ್ಮ ಹೊಗೆ, ನಿಮ್ಮ ಹೊಣೆ' ಎಂದು.

"ತಿಮ್ಮಾಜಮ್ಮನವರೇ, ಊರಿನಲ್ಲಿ ಅತಿ ಹೆಚ್ಚು ಹೊಗೆ ಇರೋದು ನಿಮ್ಮ ಹೆಸರಲ್ಲಿ. ಬೇಜಾರು ಮಾಡ್ಕೋಬೇಡಿ, ಸಣ್ಣ ಸಣ್ಣ ಬದಲಾವಣೆ ಮಾಡ್ಕೊಳ್ಳಿ. ದಿನಕ್ಕೆ ಎಷ್ಟು ಊದುಬತ್ತಿ ಹಚ್ತೀರಿ?"

"ಎರಡು ಸ್ವಾಮಿ."

"ಒಂದು ಹಚ್ಚಿ."

ಅಕ್ಕ ತಲೆಯಾಡಿಸಿದಳು. ಅವರು ಒಂದು ದಾಸವಾಳದ ಸಸಿ ಕೊಟ್ಟು ಹೋದರು. ಹೊಗೆಯಲ್ಲಿ ಸಸಿ ನಾಲ್ಕು ದಿನವೂ ತಾಳಲಿಲ್ಲ. ಮುಂದಿನ ಸಲ ಬಂದಾಗ, ನೀರು ಹಾಕಿಲ್ಲ ನೀವು ಎಂದು ಅವಳನ್ನೇ ಗದರಿದರು. ಆ ದಿನ ನನಗೆ ಬಂದ ಸಿಟ್ಟು ಮುಂದೆಯೂ ಇಳಿಯಲಿಲ್ಲ.

ಹೀಗಿರುವಾಗ ಇಂದ್ರಾಣಿ ನಮ್ಮನೆಯಲ್ಲೇ ಹೆತ್ತಳು. ಹೆಣ್ಣುಮಗು. ಒಂದು ತಿಂಗಳಿಗೆ ತೊಟ್ಟಿಲಿಗೆ ಹಾಕುವ ಶಾಸ್ತ್ರ ಮಾಡಬೇಕಿತ್ತು. ಇಂದ್ರಾಣಿ ಹಟ ಹಿಡಿದಳು. "ಕೂಸನ್ನ ತೊಟ್ಟಿಲಿಗೆ ಹಾಕೋದು ನಮ್ಮವ್ವನೇ ಮಾವ. ಬೇರೆಯೋರು ಮುಟ್ಟಕೂಡದು." ಎರಡು ತಿಂಗಳಾಯಿತು, ಮೂರಾಯಿತು. ಬಾಡಿಗೆಗೆ ತಂದಿದ್ದ ತೊಟ್ಟಿಲನ್ನು ವಾಪಸು ಕೊಟ್ಟೆವು. ಹೆಸರಿಲ್ಲದ ಮಗು ಇಂದ್ರಾಣಿಯ ತೊಡೆಯ ಮೇಲೇ ಬೆಳೆಯುತ್ತಿತ್ತು. ಶನಿವಾರ ಹಳ್ಳದ ಈಚೆ ನಿಂತು ಅವಳು ಮಗುವನ್ನು ಎತ್ತಿ ತೋರಿಸುತ್ತಿದ್ದಳು, ಆಚೆ ದಡದ ಹೊಗೆಯೊಳಗಿಂದ ಅಕ್ಕನ ದನಿ, "ಯಾರ ಹಂಗದೆ ಮಗ? ಮೂಗು ಯಾರ್ದು?" ಎಂದು ಕೇಳುತ್ತಿತ್ತು.

ಅಂಥ ಒಂದು ಶನಿವಾರದ ಮರುದಿನ ಅಕ್ಕ ನನ್ನನ್ನು ಕರೆದುಕೊಂಡು ಕಂಪನಿಯ ಗೇಟಿಗೆ ಹೋದಳು. ಇಪ್ಪತ್ತೆರಡು ವರ್ಷದಲ್ಲಿ ಅವಳು ಏನನ್ನಾದರೂ ಕೇಳಿದ್ದು ಅದೇ ಮೊದಲು. ಮುಕುಂದರು ಗಾಜಿನ ಹಿಂದೆ ನಿಂತು ಮೈಕಿನಲ್ಲಿ ಮಾತಾಡಿದರು.

"ಒಂದ್ಸಲ ಆರ್ಸಿ ಸ್ವಾಮಿ," ಎಂದಳು ಅಕ್ಕ. "ಇಪ್ಪತ್ತೆರಡು ದಿನ ಕಾಯ್ತೀನಿ. ಹೊಗೆ ಹೋದ್ಮೇಲೆ ಕೂಸನ್ನ ತೊಟ್ಟಿಲಿಗೆ ಹಾಕಿ ಬತ್ತೀನಿ. ಆಮೇಲೆ ಬೇಕಾದ್ರೆ ನಾನೇ ಹಚ್ಚಿಕೊಡ್ತೀನಿ."

"ಊರಿನ ಕರೆಂಟೇ ಹೋಗಿಬಿಡುತ್ತೆ ತಾಯಿ."

"ಗುಡ್ಡದ ಮೇಲೆ ಫ್ಯಾನು ತಿರುಗ್ತಾ ಐತಲ್ಲ."

ಮುಕುಂದರು ಮಗುವಿನ ಮಾತು ಕೇಳಿದವರಂತೆ ನಕ್ಕರು. ಆಮೇಲೆ, ಅವಳ ಅದೃಷ್ಟಕ್ಕೆ ಮುಂದಿನ ತಿಂಗಳೇ ಒಂದು ಹೊಸ ಯೋಜನೆ ಬರುತ್ತಿದೆ ಎಂದರು. ಹೆಸರು 'ಹಂಚಿಕೊಂಡರೆ ಹಗುರ'. ಕೇಂದ್ರ ಕಚೇರಿಯಿಂದ ಅಧ್ಯಕ್ಷರೇ ಬರುತ್ತಾರೆ. ಅವತ್ತು ಬೆಳಿಗ್ಗೆ ಬಾಯ್ಲರ್ ಆರುತ್ತದೆ, ಮಧ್ಯಾಹ್ನ ಊರೆಲ್ಲ ಸೇರಿ ಅದನ್ನು ಮತ್ತೆ ಹಚ್ಚುತ್ತದೆ. ಬಾಯ್ಲರಿನ ಬಾಯಿಂದ ಸಾವಿರಾರು ಬತ್ತಿಗಳು ಮೈದಾನದವರೆಗೆ ಬರುತ್ತವೆ, ತಲೆಗೊಂದು ಬತ್ತಿ, ತಲೆಗೊಂದು ಕಡ್ಡಿ. ಸೈರನ್ ಆದಾಗ ಎಲ್ಲರೂ ಒಟ್ಟಿಗೆ ಗೀರಿದರೆ ಹೊಗೆ ಊರಿಗೆಲ್ಲ ಸಮನಾಗಿ ಹರಿದುಹೋಗುತ್ತದೆ. "ಒಬ್ಬೊಬ್ಬರಿಗೆ ಒಂದು ಬೀಡಿಯಷ್ಟೂ ಬರಲ್ಲ. ನಿಮ್ಮ ಭಾರ ಇಳೀತು, ಊರಿಗೆ ಪುಣ್ಯ ಬಂತು. ಇದಕ್ಕಿಂತ ಇನ್ನೇನು ಬೇಕು?"

ದಾರಿಯುದ್ದಕ್ಕೂ ಅಕ್ಕ ನಗುತ್ತಾ ಬಂದಳು. ಹೊಗೆಯಲ್ಲಿ ಮುಖ ಕಾಣದಿದ್ದರೂ ದನಿಯಲ್ಲಿ ಗೊತ್ತಾಗುತ್ತಿತ್ತು. ಊರಿನವರೂ ಒಪ್ಪಿದರು. ಅರ್ಧ ಜನ ಅಕ್ಕನ ಮೇಲಿನ ಕನಿಕರಕ್ಕೆ, ಉಳಿದರ್ಧ ಜನ ಕಂಪನಿ ಕೊಡುವ ಪ್ರಮಾಣಪತ್ರಕ್ಕೆ. ಅದಕ್ಕೆ ಚೌಕಟ್ಟು ಹಾಕಿಸಲು ನನ್ನ ಸ್ಟುಡಿಯೋದಲ್ಲಿ ಮುಂಗಡ ಹೇಳಿಹೋದವರೂ ಇದ್ದರು.

ಆಮೇಲೆ ಮನೆಮನೆಗೆ ಫಾರಂ ಬಂತು. ನಮ್ಮನೆಯದನ್ನು ಓದುತ್ತಾ ಹೋದೆ: ನಾನು, ನನ್ನ ಹೆಂಡತಿ, ಇಂದ್ರಾಣಿ, ಕೊನೆಯಲ್ಲಿ 'ಹೆಸರಿಡದ ಹೆಣ್ಣು ಶಿಶು, ನಾಲ್ಕು ತಿಂಗಳು, ಕಡ್ಡಿ ಒಂದು'. ಕೆಳಗೆ ಸಣ್ಣಕ್ಷರದಲ್ಲಿ, ಎಳೆಯ ಮಕ್ಕಳ ಬೆರಳಿಗೆ ತಾಯಂದಿರು ಕಡ್ಡಿ ಹಿಡಿಸಿ ಗೀರಿಸಬಹುದು ಎಂದಿತ್ತು. ಓಡಿಹೋಗಿ ಮುಕುಂದರನ್ನು ಕೇಳಿದೆ. ಅವರಿಗೆ ನನ್ನ ಗಾಬರಿಯೇ ಅರ್ಥವಾಗಲಿಲ್ಲ. "ತಲೆ ಹೆಚ್ಚಾದಷ್ಟೂ ಪಾಲು ಕಮ್ಮಿ ಅಲ್ವಾ ಗೌಡ್ರೇ? ಮಕ್ಕಳನ್ನ ಬಿಟ್ಟರೆ ದೊಡ್ಡವರಿಗೆ ಜಾಸ್ತಿ ಬೀಳುತ್ತೆ. ಅಲ್ಲದೆ ಮುಂದೆ ಹೆಚ್ಚು ಕಾಲ ಬದುಕೋರು ಅವರೇ. ಹೊಣೆ ಈಗಲೇ ಕಲೀಲಿ" ಎಂದರು.

ಶನಿವಾರ ಹಳ್ಳದ ದಡದಲ್ಲಿ ನಿಂತು ಇದನ್ನು ಅಕ್ಕನಿಗೆ ಕೂಗಿ ಹೇಳಿದೆ. ಆಚೆಯ ಹೊಗೆಯೊಳಗಿಂದ ಅವಳ ದನಿ ಬಂತು. "ಕೂಸಿನ ಕೈಗೆ ಕಡ್ಡಿ ಕೊಡಬ್ಯಾಡ್ರಿ. ಅವತ್ತು ನನ್ನ ಸ್ಟೇಜಿಗೆ ಕರ್ದವ್ರೆ, ಶಾಲು ಹೊದಿಸ್ತಾರಂತೆ. ಬಾಯ್ಲರ್ ಬಾಯಿ ಅಲ್ಲೇ ಪಕ್ಕದಾಗೇ ಇರ್ತದೆ. ಸೈರನ್ ಆಗೋಕ್ ಮೊದ್ಲೇ ನಾನೇ ಹಚ್ಚಿಬಿಡ್ತೀನಿ. ಒಂದ್ಸಲ ಹತ್ಕೊಂಡ್ರೆ ಮುಗೀತಲ್ಲ, ಆಮೇಲೆ ಯಾರು ಗೀರಿದ್ರೇನು."

"ಅವ್ವ, ಹಂಗಾರೆ ತೊಟ್ಟಿಲು?" ಎಂದು ಇಂದ್ರಾಣಿ ಕೂಗಿದಳು.

"ನಿಮ್ಮತ್ತೆ ಹಾಕ್ತಾಳೆ ಬಿಡು. ನಾನು ಇಲ್ಲಿಂದ್ಲೇ ಪದ ಹೇಳ್ತೀನಿ."

ಇಂದ್ರಾಣಿ ಮಗುವನ್ನು ಅವುಚಿಕೊಂಡು ಅತ್ತಳು. ಅವಳ ಅಳುವನ್ನು ಕೇಳಿಸಿಕೊಂಡು ನಿಲ್ಲುವುದು ನನ್ನಿಂದ ಆಗಲಿಲ್ಲ.

ಸಮಾರಂಭದ ದಿನ ಬೆಳಿಗ್ಗೆ ಬಾಯ್ಲರ್ ಆರಿತು. ಬೋಳು ಚಿಮಣಿಯನ್ನು ನೋಡಲು ಜನ ಮನೆಯಿಂದ ಹೊರಬಂದು ನಿಂತರು. ಬಾಯ್ಲರ್ ಹತ್ತಿದ ಮೇಲೆ ಹುಟ್ಟಿ ಮದುವೆಯೂ ಆದ ಹೆಂಗಸರು ಅದನ್ನು ಹಾಗೆ ಕಂಡೇ ಇರಲಿಲ್ಲ. ಮೈದಾನದಲ್ಲಿ ಬತ್ತಿಗಳು ನೂಲುಗಿರಣಿಯ ಎಳೆಗಳ ಹಾಗೆ ಹರಡಿದ್ದವು. ಸ್ಟೇಜಿನ ಹಿಂಬದಿಗೇ ಬಾಯ್ಲರಿನ ಕಬ್ಬಿಣದ ಬಾಯಿ, ಅದಕ್ಕೆ ಚೆಂಡುಹೂವಿನ ತೋರಣ. ಅಧ್ಯಕ್ಷರು ಬಿಳಿ ಸೂಟಿನಲ್ಲಿ ಬಂದರು. ದೊಡ್ಡ ಶಹರದವರು; ಅಲ್ಲಿ ಹೊಗೆ ಸುಮ್ಮನೆ ಮೇಲಕ್ಕೆ ಹೋಗುತ್ತದಂತೆ, ಯಾರದೆಂದು ಯಾರಿಗೂ ತಿಳಿಯುವುದಿಲ್ಲವಂತೆ. ನಮ್ಮೂರಿಗೆ ಅವರು ಕಾಲಿಟ್ಟಿದ್ದು ಅದೇ ಮೊದಲು. ಅವರೊಂದಿಗೆ ಎರಡು ಬಸ್ಸಿನ ತುಂಬ ಪತ್ರಿಕೆಯವರು.

ಸ್ಟೇಜಿನ ತುದಿಯಲ್ಲಿ ಒಂಟಿ ಕುರ್ಚಿ ಹಾಕಿ ಅಕ್ಕನನ್ನು ಕೂರಿಸಿದ್ದರು. ಬೆಂಕಿ ಆರಿದ್ದರೂ ಇಪ್ಪತ್ತೆರಡು ದಿನದ ಹೊಗೆ ಇನ್ನೂ ಅವಳನ್ನು ಸುತ್ತಿಕೊಂಡೇ ಇತ್ತು. ಅಧ್ಯಕ್ಷರು ಅತ್ತ ನೋಡಿ ಹುಬ್ಬು ಗಂಟಿಕ್ಕಿದರು.

"ಏನ್ರೀ ಅದು?"

"ಅದು ಅವರ ವೈಯಕ್ತಿಕ ಹೊಗೆ ಸಾರ್," ಎಂದರು ಮುಕುಂದರು.

"ಪಾಪ," ಎಂದು ಅಧ್ಯಕ್ಷರು ಅವಳ ಕಡೆ ಕೈಮುಗಿದರು.

ಭಾಷಣವಾಯಿತು. ನಾಳಿನ ಮಕ್ಕಳಿಗಾಗಿ ಶುಭ್ರವಾದ ಆಕಾಶ ಬಿಟ್ಟುಹೋಗುವುದು ತಮ್ಮ ಕಂಪನಿಯ ವ್ರತ ಎಂದರು. ಅವರ ಮಾತು ನಡೆಯುತ್ತಿರುವಾಗಲೇ ಸ್ಟೇಜಿನ ಕೆಳಗೆ ಸ್ವಯಂಸೇವಕಿಯೊಬ್ಬಳು ಇಂದ್ರಾಣಿಯ ಮಗುವಿನ ಮುಷ್ಟಿ ಬಿಡಿಸಿ ಕಡ್ಡಿ ತುರುಕಲು ನೋಡುತ್ತಿದ್ದಳು. ಮಗು ಅದನ್ನು ಬಾಯಿಗಿಟ್ಟುಕೊಳ್ಳಲು ಹೊರಟಿತ್ತು. ನಾನು ಅಕ್ಕನ ಕಡೆ ತಿರುಗಿದೆ. ಅವಳು ಎದ್ದಿದ್ದಳು. ಸೊಂಟದಿಂದ ಬೆಂಕಿಪೊಟ್ಟಣ ತೆಗೆದು ಬಾಯ್ಲರಿನ ಬಾಯಿಯ ಕಡೆಗೆ ಹೆಜ್ಜೆಯಿಡುತ್ತಿದ್ದಳು.

ನಾನು ಧೈರ್ಯವಂತನಲ್ಲ. ಜೀವಮಾನವಿಡೀ ಗಣ್ಯರಿಗೆ ಕತ್ತು ಸ್ವಲ್ಪ ಎಡಕ್ಕೆ ಎಂದು ಹೇಳಿದ್ದು ಬಿಟ್ಟರೆ ಬೇರೆ ಅಪ್ಪಣೆ ಕೊಟ್ಟವನಲ್ಲ. ಅವತ್ತು ಆ ಅಭ್ಯಾಸವೇ ಕೈಹಿಡಿಯಿತು. ಸ್ಟೇಜು ಹತ್ತಿ ಅಕ್ಕನಿಗೆ ಅಡ್ಡ ನಿಂತು, "ಕೊಡಕ್ಕ ಇಲ್ಲಿ" ಎಂದು ಪೊಟ್ಟಣ ಕಿತ್ತುಕೊಂಡೆ. ಅಧ್ಯಕ್ಷರ ಮುಂದೆ ಹೋಗಿ ಬಗ್ಗಿ, "ಸ್ವಾಮಿ, ಜನ ಹಚ್ಚೋಕೆ ಮೊದಲು ತಮ್ಮ ಕೈಯಿಂದ ಮೊದಲ ಕಿಡಿ ಬೀಳೋ ಹಾಗೆ ಒಂದು ಫೋಟೋ. ಈ ವರ್ಷದ ಕ್ಯಾಲೆಂಡರಿಗೆ" ಎಂದೆ.

ಕ್ಯಾಲೆಂಡರ್ ಎಂದ ಕೂಡಲೇ ಅವರ ಮುಖ ಅರಳಿತು. "ಓ, ನೀವೇನಾ ಆ ಫೋಟೋಗಳನ್ನ ತೆಗೆಯೋರು? ಎಂಥಾ ಆಕಾಶ ರೀ ನಿಮ್ಮದು" ಎಂದು ಬೆನ್ನು ತಟ್ಟಿ ಎದ್ದರು.

ಮುಕುಂದರು ಧಾವಿಸಿ ಬಂದು ಅವರ ಕಿವಿಯಲ್ಲಿ ಪಿಸುಗುಟ್ಟಿದರು. ಅಧ್ಯಕ್ಷರಿಗೆ ಪಿಸುಮಾತಿನ ಅಭ್ಯಾಸವಿರಲಿಲ್ಲ. "ಹೊಗೆನಾ? ಯಾವ ಹೊಗೆ? ಇಪ್ಪತ್ತೆರಡು ವರ್ಷದ ಕ್ಯಾಲೆಂಡರು ನನ್ನ ಕೋಣೆ ಗೋಡೆ ಮೇಲಿದೆ. ಒಂದರಲ್ಲೂ ಹೊಗೆ ಇಲ್ಲ. ಇದೆ ಅಂತೀರೇನು ನೀವು?"

ಎದುರಿಗೆ ಎರಡು ಬಸ್ಸಿನ ಪತ್ರಿಕೆಯವರು ಪೆನ್ನು ಹಿಡಿದು ಮುಕುಂದರ ಬಾಯನ್ನೇ ನೋಡುತ್ತಿದ್ದರು. ಇದೆ ಎಂದರೆ ಕಂಪನಿಗೆ ಹೊಗೆಯಿದೆ ಎಂದು ನಾಳೆ ಅಚ್ಚಾಗುತ್ತದೆ. ಇಲ್ಲ ಎಂದರೆ ಅಧ್ಯಕ್ಷರು ಗೀರುತ್ತಾರೆ. ಆ ಮನುಷ್ಯನ ಸಂಕಟ ನೋಡಿ ನನಗೆ ಆದ ಸಂತೋಷವನ್ನು ನಾನು ಮುಚ್ಚಿಡುವುದಿಲ್ಲ.

"ಇಲ್ಲ ಸಾರ್," ಎಂದರು ಮುಕುಂದರು.

"ಮತ್ತೆ ಸರೀರಿ ಪಕ್ಕಕ್ಕೆ."

ಅಧ್ಯಕ್ಷರು ಕಡ್ಡಿ ಗೀರಿ ಬಾಯ್ಲರಿನ ಬಾಯಿಗೆ ಹಿಡಿದರು. ನಾನು ಕತ್ತು ಸ್ವಲ್ಪ ಎಡಕ್ಕೆ ಎಂದೆ. ಒಳಗೆ ಧಗ್ಗೆಂದು ಹತ್ತಿಕೊಂಡಿತು. ಮೈದಾನದಲ್ಲಿದ್ದ ಅಷ್ಟು ಜನವೂ ಕೈಯಲ್ಲಿದ್ದ ಕಡ್ಡಿಗಳನ್ನು ಹಾಗೇ ಹಿಡಿದುಕೊಂಡು ಮೇಲೆ ನೋಡಿದರು. ಮೊದಲು ಬೆಳ್ಳಗೆ, ಆಮೇಲೆ ಬೂದುಬಣ್ಣಕ್ಕೆ, ಆಮೇಲೆ ಡಾಂಬರಿನಷ್ಟು ಕಪ್ಪಗೆ ಎದ್ದ ಹೊಗೆ ಚಿಮಣಿಯ ಮೇಲೆ ನಿಂತು ಕೆಳಗಿನ ಬೀದಿಯ ಕಡೆ ತಿರುಗದೆ ನೇರ ಸ್ಟೇಜಿಗೆ ಇಳಿಯಿತು. ಅಧ್ಯಕ್ಷರು ಮೊದಲು ಕೈಬೀಸಿ ಓಡಿಸಲು ನೋಡಿದರು. ಆಮೇಲೆ ಕುರ್ಚಿ ಬದಲಾಯಿಸಿದರು. ಆಮೇಲೆ ಕಾರಿಗೆ ಓಡಿದರು. ಕಾರಿನ ಗಾಜು ಏರಿಸುವುದರೊಳಗೆ ಒಳಗೆಲ್ಲ ತುಂಬಿ ಡ್ರೈವರು ಆ ಕಡೆಯ ಬಾಗಿಲಿನಿಂದ ಬಿದ್ದು ಹೊರಬಂದ. ನಾನು ಒಂದೂ ಬಿಡದಂತೆ ಫೋಟೋ ತೆಗೆದೆ. ಪತ್ರಿಕೆಯವರೂ ತೆಗೆದರು. ಅವರಿಗೆ ಹೊಗೆ ಅಳಿಸುವ ಕಲೆ ಬರುತ್ತಿರಲಿಲ್ಲ.

ಬೆಂಕಿ ಇಲ್ಲಿ, ಹೊಗೆ ಅಲ್ಲಿ. ಊರು ಹೊಲ ದಾಟಿಕೊಂಡು ದೊಡ್ಡ ಶಹರದವರೆಗೆ ಉದ್ದಕ್ಕೆ ಒಂದು ಕಪ್ಪು ಗೆರೆ ಹೋಯಿತು. ವಿಮಾನದವರು ಅಧ್ಯಕ್ಷರನ್ನು ಹತ್ತಿಸಿಕೊಳ್ಳಲಿಲ್ಲವಂತೆ. ಮನೆಯಲ್ಲಿ ಹೆಂಡತಿ ಮಕ್ಕಳು ಬೇರೆ ಮನೆಗೆ ಹೋದರಂತೆ. ಕಂಪನಿಯ ದೊಡ್ಡವರ ಸಭೆಯಲ್ಲಿ ಅಧ್ಯಕ್ಷರನ್ನು ಕಿಟಕಿಯಾಚೆ ನಿಲ್ಲಿಸಿ ಅಭಿಪ್ರಾಯ ಕೇಳಿದರಂತೆ. ಎರಡನೆಯ ದಿನ ಫೋನು ಬಂತು, ಬಾಯ್ಲರ್ ಆರಿಸಿ ಎಂದು. ಊರಿನ ಕರೆಂಟು ಹೋಗುತ್ತದೆ ಎಂದು ಇಲ್ಲಿಯವರು ಹೇಳಿದರು. ಹೋಗಲಿ ಎಂದರಂತೆ. ಮೂರನೆಯ ದಿನ ಮಧ್ಯಾಹ್ನ ಬಾಯ್ಲರ್ ಆರಿತು. ನಾಲ್ಕನೆಯ ದಿನ ಲಾರಿಗಳಲ್ಲಿ ಕಂಬ ಬಂದವು. ಹಳ್ಳದ ಪಕ್ಕ ಗುಂಡಿ ತೋಡಿದರು, ಕಂಬ ನಿಲ್ಲಿಸಿದರು, ಗುಡ್ಡದಿಂದ ಊರಿಗೆ ತಂತಿ ಎಳೆದರು. ಇಪ್ಪತ್ತೈದು ವರ್ಷದ ಹಾದಿ ಎಂದಿದ್ದ ಮುಕುಂದರೇ ತಲೆಗೆ ಟೋಪಿ ಹಾಕಿಕೊಂಡು ಬಿಸಿಲಿನಲ್ಲಿ ನಿಂತು, ಬೇಗ ಬೇಗ ಎಂದು ಕೂಗುತ್ತಿದ್ದರು. ಒಂದು ಸಂಜೆ ನನ್ನ ಸ್ಟುಡಿಯೋದ ದೀಪ ತಾನಾಗಿ ಹತ್ತಿಕೊಂಡಿತು. ಪತ್ರಿಕೆಯಲ್ಲಿ ಕಂಪನಿಯ ಇಡೀ ಪುಟದ ಜಾಹೀರಾತು ಬಂತು: ಕೊಟ್ಟ ಮಾತಿಗಿಂತ ಮೊದಲೇ ಮಾಡಿ ತೋರಿಸಿದೆವು, ಏಕೆಂದರೆ ನಮಗೆ ನಿಮ್ಮ ಮಕ್ಕಳ ಚಿಂತೆ. ಓದಿ ನಾನು ಪತ್ರಿಕೆಯನ್ನು ಒಲೆ ಹಚ್ಚಲು ಇಟ್ಟುಕೊಂಡೆ.

ಇಪ್ಪತ್ತಮೂರನೆಯ ದಿನ ಅಕ್ಕ ನಮ್ಮನೆಗೆ ಬಂದಳು. ಬಾಗಿಲಲ್ಲಿ ನಿಂತಿದ್ದ ಹೆಂಗಸನ್ನು ನೋಡಿ ಇಂದ್ರಾಣಿ, "ಯಾರು ಬೇಕಾಗಿತ್ತು?" ಎಂದಳು. ಅಕ್ಕ ಮಾತಾಡಿದ ಮೇಲೆ ದನಿಯಿಂದ ಗುರುತು ಹಿಡಿದಳು. ನಾಲ್ಕನೆಯ ವಯಸ್ಸಿನ ಮೇಲೆ ಅವಳು ತಾಯಿಯ ಮುಖ ಕಂಡಿರಲಿಲ್ಲ. ಕಣ್ಣು, ಹಣೆ, ಕಿವಿ ಎಲ್ಲವನ್ನೂ ಸಂತೆಯಲ್ಲಿ ಸಾಮಾನು ನೋಡುವವಳಂತೆ ಬೆರಳಿನಿಂದ ಮುಟ್ಟಿ ಮುಟ್ಟಿ ನೋಡಿದಳು. ಅಕ್ಕ ಸುಮ್ಮನೆ ನಿಂತು ಮುಟ್ಟಿಸಿಕೊಂಡಳು. ನನ್ನ ಹೆಂಡತಿ ಸೆರಗು ಬಾಯಿಗಿಟ್ಟುಕೊಂಡು ಒಳಗೆ ಹೋದಳು. ತೊಟ್ಟಿಲನ್ನು ಮತ್ತೆ ಬಾಡಿಗೆಗೆ ತಂದೆವು.

ಶಾಸ್ತ್ರ ಅರ್ಧ ಆಗಿತ್ತು, ಮಗು ಅಕ್ಕನ ತೊಡೆಯ ಮೇಲಿತ್ತು, ಆಗ ಮುಕುಂದರು ಚಪ್ಪಲಿ ಬಿಟ್ಟು ಒಳಗೆ ಬಂದರು. ಕೈಯಲ್ಲಿ ಕಾಗದ. ಗಾಳಿಯಂತ್ರಗಳಿಂದ ಊರಿಗೆ ಸಾಲುತ್ತದೆ, ಆದರೆ ಕಂಪನಿಗೆ ಮಾರಲು ಉಳಿಯುತ್ತಿಲ್ಲ; ಹಾಗಾಗಿ ಒಂದು ಚಿಕ್ಕ ಬಾಯ್ಲರನ್ನು ತಾತ್ಕಾಲಿಕವಾಗಿ ಹಚ್ಚಬೇಕೆಂದು ಮೇಲಿನಿಂದ ಹೇಳಿದ್ದಾರೆ ಎಂದರು. "ನಿಮಗೆ ಅನುಭವ ಇದೆ ತಾಯಿ. ಒಂದೇ ಒಂದು ಕಡ್ಡಿ."

ಅಕ್ಕ ಮಗುವಿನ ತಲೆ ಸವರುತ್ತಾ ಕೇಳಿದಳು, "ನಿಮ್ಮ ಕೈಗೇನಾಗೈತೆ ಸ್ವಾಮಿ?"

ಮುಕುಂದರು ತಮ್ಮ ಕೈಯನ್ನು ಒಮ್ಮೆ ನೋಡಿಕೊಂಡರು. ಆಮೇಲೆ ಅದನ್ನು ಪ್ಯಾಂಟಿನ ಜೇಬಿಗೆ ಇಳಿಸಿ, ಇನ್ನೊಂದು ಕೈಯಲ್ಲಿ ಕಾಗದ ಮಡಚಿಕೊಂಡು ಹೊರಟುಹೋದರು. ಆ ಚಿಕ್ಕ ಬಾಯ್ಲರಿಗೆ ಇನ್ನೂ ಕೈ ಸಿಕ್ಕಿಲ್ಲ. ನಮ್ಮೂರಿನಲ್ಲಿ ಯಾರ ಬಾಗಿಲಿಗೆ ಹೋದರೂ ಅವರಿಗೆ ಅದೇ ಪ್ರಶ್ನೆ ಎದುರಾಗುತ್ತದೆ.

ಅಕ್ಕ ಮಗುವನ್ನು ತೊಟ್ಟಿಲಿಗೆ ಹಾಕಿದಳು. ಪದ ಹೇಳಿದಳು. ಊಟವಾದ ಮೇಲೆ ಜಗಲಿಯಲ್ಲಿ ಕೂತು ಎಲೆಯಡಿಕೆ ಹಾಕಿಕೊಳ್ಳುತ್ತಾ ಗುಡ್ಡದಿಂದ ಇಳಿದು ಬರುವ ಹೊಸ ತಂತಿಯನ್ನು ನೋಡಿದಳು.

"ಆ ತಂತಿ ಎಳಿಯಕ್ಕೆ ಎಷ್ಟು ದಿನ ಹಿಡೀತಂತೆ?"

"ಹನ್ನೊಂದು ದಿನ," ಎಂದೆ.

"ಬರೀ ಹನ್ನೊಂದಾ?"

"ಹೂಂ ಅಕ್ಕ."

ಎಲೆಗೆ ಸುಣ್ಣ ಹಚ್ಚುತ್ತಿದ್ದ ಅವಳ ಬೆರಳು ನಿಂತಿತು. ಒಳಗೆ ಇಂದ್ರಾಣಿ ತೊಟ್ಟಿಲು ತೂಗುತ್ತಿದ್ದಳು. ಅಕ್ಕ ಅವಳ ಕಡೆ ತಿರುಗಿದಳು.

"ಗಾಳಿ ಆಗ್ಲೂ ಬೀಸ್ತಿತ್ತಲ್ಲೋ," ಎಂದಳು. "ಹನ್ನೊಂದೇ ದಿನದ ಬೆಂಕಿ ಆಗಿದ್ರೆ ಇವಳನ್ನ ಪಕ್ಕದ್ಮನೇಲಿ ಬಿಟ್ಟಿದ್ದು ಮತ್ತೆ ಕರ್ಕೊಂಡು ಬತ್ತಿದ್ದೆ."